ಅಂಚೆಯಲ್ಲಿ ಬರುವ ಉಚಿತ ಪ್ರವಾಸ: ಬಹುಮಾನವೋ, ಬಲೆಯೋ?

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನಿಗೆ ಅಂಚೆಯವನೆಂದರೆ ಒಂದು ಕಾಲದಲ್ಲಿ ತವರಿನ ದೂತನೇ ಆಗಿದ್ದನು. ಮುಂಬಯಿಯ ಚಾಳಿನ ಮೆಟ್ಟಿಲ ಬಳಿ ಅವನ ಧ್ವನಿ ಕೇಳಿಸಿತೆಂದರೆ ಉಡುಪಿಯಿಂದಲೋ, ಧಾರವಾಡದಿಂದಲೋ, ಹಾಸನದಿಂದಲೋ ಒಂದು ಕಾಗದ ಬಂದಿದೆಯೆಂದೇ ಅರ್ಥ. ಕಾಲ ಬದಲಾಯಿತು. ಕುಶಲವಾರ್ತೆಯೆಲ್ಲ ದೂರವಾಣಿಯ ಪಾಲಾಯಿತು. ಕಟ್ಟಡದ ಕೆಳಗಿನ ಅಂಚೆಪೆಟ್ಟಿಗೆಯಲ್ಲಿ ಈಗ ದೊರೆಯುವುದು ಬ್ಯಾಂಕಿನ ಪತ್ರ, ವಿಮೆಯ ಸೂಚನೆ, ಜಾಹೀರಾತಿನ ಹಾಳೆ, ಇಷ್ಟೇ. ಆದರೂ ಮುದ್ರಿತ ಕಾಗದದ ಮೇಲಿನ ಗೌರವವು ನಮ್ಮ ಮನಸ್ಸಿನಿಂದ, ವಿಶೇಷವಾಗಿ ಹಿರಿಯರ ಮನಸ್ಸಿನಿಂದ, ಇನ್ನೂ ಅಳಿದಿಲ್ಲ. ದೂರವಾಣಿಯಲ್ಲಿ ಅಪರಿಚಿತನೊಬ್ಬನು ಆಡಿದ ಮಾತನ್ನು ಸಂಶಯಿಸುವ ನಾವು, ನಮ್ಮದೇ ಹೆಸರು ವಿಳಾಸಗಳನ್ನು ಸ್ಪಷ್ಟವಾಗಿ ಅಚ್ಚು ಮಾಡಿಸಿ, ಮೊಹರು ಒತ್ತಿ ಕಳಿಸಿದ ಪತ್ರವನ್ನು ಅಷ್ಟು ಸುಲಭವಾಗಿ ಸಂಶಯಿಸಲಾರೆವು.

ಈ ಗೌರವವನ್ನೇ ಬಂಡವಾಳ ಮಾಡಿಕೊಂಡು ನಡೆಯುತ್ತಿರುವ ವ್ಯಾಪಾರವೊಂದಿದೆ. “ಅಭಿನಂದನೆಗಳು! ನಿಮಗೆ ಉಚಿತ ಪ್ರವಾಸದ ಬಹುಮಾನ ಬಂದಿದೆ” ಎಂದು ಆರಂಭವಾಗುವ ಪತ್ರಗಳ ವ್ಯಾಪಾರ. ಆರೋಗ್ಯ ಲೇಖನಗಳಿಗೆ ಮೀಸಲಾದ ಈ ಸಂಚಿಕೆಯಲ್ಲಿ ಇಂತಹ ವಿಷಯಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಹಣ ಹೋದಾಗ ಅದರೊಡನೆ ನಿದ್ರೆ ಹೋಗುತ್ತದೆ, ಹಸಿವು ಹೋಗುತ್ತದೆ, ಮನೆಯ ನೆಮ್ಮದಿ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡುದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಒಂದು ನಿದರ್ಶನ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಅನುಭವವನ್ನು, ಅವರ ಅನುಮತಿಯಿಂದ, ಹೆಸರು ಹೇಳದೆ ಇಲ್ಲಿ ಕೊಡುತ್ತಿದ್ದೇನೆ. ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡವರು. ಒಂದು ಪೈಸೆಯ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕುಳಿತು ಹುಡುಕುವ ಸ್ವಭಾವದವರು. ಅವರಿಗೊಂದು ದಿನ ಅಂಚೆಯಲ್ಲಿ ದಪ್ಪ ಲಕೋಟೆ ಬಂದಿತು. ಒಳಗೆ ವರ್ಣರಂಜಿತ ಪತ್ರ, ಜೊತೆಗೆ ಗೀರಿ ನೋಡುವ ಚೀಟಿ. ಗೀರಿದಾಗ ಎರಡನೆಯ ಬಹುಮಾನ: ದಂಪತಿಗಳಿಗೆ ಐದು ದಿನಗಳ ಸಿಂಗಪುರ ಪ್ರವಾಸ. ಮದುವೆಯಾದಂದಿನಿಂದ ಹೆಂಡತಿಯನ್ನು ಊರಿನ ಜಾತ್ರೆಯ ಹೊರತು ಬೇರೆಲ್ಲಿಗೂ ಕರೆದೊಯ್ಯಲಾಗಲಿಲ್ಲವೆಂಬ ಕೊರಗು ಅವರಲ್ಲಿತ್ತು. ಪತ್ರದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರು. ಅತ್ತ ಮಾತನಾಡಿದ ತರುಣನು ಬಹಳ ವಿನಯಶೀಲ. “ಅಂಕಲ್” ಎಂದು ಕರೆದು, ಆರೋಗ್ಯವನ್ನೂ ವಿಚಾರಿಸಿದನಂತೆ.

ಮೊದಲು ನೋಂದಣಿಗೆಂದು 6,500 ರೂಪಾಯಿ. ವಾರದ ಬಳಿಕ ಬಹುಮಾನದ ತೆರಿಗೆಯೆಂದು 18,000. ಅನಂತರ ವೀಸಾ ಮತ್ತು ವಿಮೆಗೆಂದು 27,500. ಹೀಗೆ ಒಟ್ಟು 52,000 ರೂಪಾಯಿ ಹೋಯಿತು. ನಾಲ್ಕನೆಯ ಬಾರಿ ಹಣ ಕೇಳಿದಾಗ ಇವರಿಗೆ ಅರ್ಥವಾಯಿತು. ಅಷ್ಟರಲ್ಲಿ ಆ ದೂರವಾಣಿಯೂ ಮೂಕವಾಯಿತು.

ಹೆಂಡತಿಗೆ ಅನಿರೀಕ್ಷಿತ ಸಂತೋಷ ಕೊಡಬೇಕೆಂದು ಮೊದಲು ಗುಟ್ಟಾಗಿಟ್ಟಿದ್ದರು. ಮೋಸ ತಿಳಿದ ಮೇಲೆ ನಾಚಿಕೆಯಿಂದ ಗುಟ್ಟಾಗಿಟ್ಟರು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ರೆಯಿಲ್ಲ, ಊಟ ರುಚಿಸದು, ಹತೋಟಿಯಲ್ಲಿದ್ದ ರಕ್ತದೊತ್ತಡ ಏರಿತು. ಔಷಧ ಬದಲಿಸಿದರೂ ಇಳಿಯದಾದಾಗ ವೈದ್ಯರು ಬಾಗಿಲು ಮುಚ್ಚಿ, “ಮನಸ್ಸಿನಲ್ಲಿ ಏನಿದೆ ಹೇಳಿ” ಎಂದರು. ಆಗ ಮೊದಲ ಬಾರಿಗೆ ಅವರು ಅತ್ತರು. “ಲೆಕ್ಕದವನಾದ ನನಗೇ ಲೆಕ್ಕ ತಪ್ಪಿತಲ್ಲ” ಎಂಬುದೇ ಅವರ ಕೊರಗಾಗಿತ್ತು. ಹೋದ ಹಣಕ್ಕಿಂತ ಹೋದ ಮಾನ ದೊಡ್ಡದೆಂದು ಅವರಿಗೆ ಅನಿಸಿತ್ತು.

ಬುದ್ಧಿ ಕಡಿಮೆಯಾದವರು ಮಾತ್ರ ಮೋಸಹೋಗುತ್ತಾರೆಂಬ ನಂಬಿಕೆ ಎಷ್ಟು ಸುಳ್ಳೆಂಬುದನ್ನು ಇದು ತೋರಿಸುತ್ತದೆ. ವಂಚಕನು ಹುಡುಕುವುದು ಮೂರ್ಖನನ್ನಲ್ಲ, ಮನಸ್ಸಿನಲ್ಲಿ ಈಡೇರದ ಆಸೆಯೊಂದನ್ನು ಇಟ್ಟುಕೊಂಡವನನ್ನು. ಅಂತಹ ಆಸೆಯಿಲ್ಲದವರು ನಮ್ಮಲ್ಲಿ ಯಾರಿದ್ದಾರೆ?

ಹಳೆಯ ಗಾಳ, ಹೊಸ ಹುಳು

ಈ ವಂಚನೆ ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯುರೋಪ್ ಅಮೆರಿಕಗಳಲ್ಲಿ “ಸ್ಪೇನಿನ ಸೆರೆಯಾಳು” ಎಂಬ ಹೆಸರಿನ ಮೋಸ ಪ್ರಸಿದ್ಧವಾಗಿತ್ತು. ಸಿರಿವಂತನೊಬ್ಬನು ಸ್ಪೇನಿನ ಸೆರೆಮನೆಯಲ್ಲಿದ್ದಾನೆ, ಅವನ ಬಿಡುಗಡೆಗೆ ಸ್ವಲ್ಪ ಹಣ ಕಳಿಸಿದರೆ ಅವನ ಗುಪ್ತನಿಧಿಯಲ್ಲಿ ಪಾಲು ದೊರೆಯುವುದು ಎಂದು ಅಪರಿಚಿತರಿಗೆ ಪತ್ರ ಬರುತ್ತಿತ್ತು. ಒಮ್ಮೆ ಹಣ ಕಳಿಸಿದವನಿಗೆ ಹೊಸ ಹೊಸ ತೊಡಕುಗಳ ಸುದ್ದಿ ಬರುತ್ತಿತ್ತು, ಪ್ರತಿಯೊಂದು ತೊಡಕಿಗೂ ಮತ್ತಷ್ಟು ಹಣ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನೈಜೀರಿಯಾದಿಂದ ಇದೇ ಮಾದರಿಯ ಪತ್ರಗಳು ಲೋಕವೆಲ್ಲ ಹರಡಿದವು. ಆ ದೇಶದ ದಂಡಸಂಹಿತೆಯ 419ನೆಯ ವಿಧಿಯಿಂದ ಅವಕ್ಕೆ “419” ಎಂಬ ಹೆಸರೇ ಬಂದಿತು. ನಮ್ಮಲ್ಲಿಯಂತೂ ಭಾರತೀಯ ದಂಡಸಂಹಿತೆಯ 420ನೆಯ ವಿಧಿಯು ಮೋಸಗಾರನಿಗೆ ಪರ್ಯಾಯಪದವೇ ಆಗಿ, 1955ರಲ್ಲಿ ರಾಜ್ ಕಪೂರ್ ಅವರ ಚಲನಚಿತ್ರದ ಶೀರ್ಷಿಕೆಯಲ್ಲಿಯೂ ಸೇರಿತು.

ನಮ್ಮ ತಲೆಮಾರಿನವರಿಗೆ ಇನ್ನೊಂದು ನೆನಪಿರಬಹುದು. ಪತ್ರಿಕೆಯಲ್ಲಿ ಸುಲಭವಾದ ಒಗಟೊಂದನ್ನು ಪ್ರಕಟಿಸಿ, ಉತ್ತರ ಬರೆದವರಿಗೆಲ್ಲ “ಟ್ರಾನ್ಸಿಸ್ಟರ್ ರೇಡಿಯೋ ಬಹುಮಾನ ಬಂದಿದೆ, ವಿ.ಪಿ. ಬಿಡಿಸಿಕೊಳ್ಳಿರಿ” ಎಂದು ತಿಳಿಸುತ್ತಿದ್ದರು. ಹಣ ಕೊಟ್ಟು ಬಿಡಿಸಿಕೊಂಡ ಪೆಟ್ಟಿಗೆಯಲ್ಲಿ ಆಟಿಕೆಯೋ, ಇಟ್ಟಿಗೆಯ ಚೂರೋ ಇರುತ್ತಿತ್ತು. ಇಂದು ರೇಡಿಯೋದ ಸ್ಥಾನದಲ್ಲಿ ಪ್ರವಾಸ ಬಂದಿದೆ. ಇದರಿಂದ ವಂಚಕನಿಗೆ ಇನ್ನೂ ಅನುಕೂಲ, ಏಕೆಂದರೆ ಇಟ್ಟಿಗೆಯ ಚೂರನ್ನೂ ಕಳಿಸುವ ಕಷ್ಟವಿಲ್ಲ.

ಮೂರು ಬಗೆಯ ಪತ್ರಗಳು

ಮೇಲ್ನೋಟಕ್ಕೆ ಒಂದೇ ರೀತಿ ಕಂಡರೂ ಈ ಪತ್ರಗಳಲ್ಲಿ ಮೂರು ಬಗೆಗಳಿವೆ. ಇವುಗಳ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಮೊದಲನೆಯದು ಮುಂಗಡ ಹಣದ ವಂಚನೆ. ಮೇಲೆ ಹೇಳಿದ ನಿದರ್ಶನ ಈ ಜಾತಿಯದು. ಇಲ್ಲಿ ಪ್ರವಾಸವೆಂಬುದು ಇಲ್ಲವೇ ಇಲ್ಲ. ಪತ್ರದಲ್ಲಿ ಹೆಸರಾಂತ ಸಂಸ್ಥೆಯೊಂದರ ಹೆಸರನ್ನು, ಅಥವಾ ಒಂದಕ್ಷರ ಮಾತ್ರ ಬದಲಿಸಿದ ಹೆಸರನ್ನು ಅಚ್ಚು ಮಾಡಿರುತ್ತಾರೆ. ಗೀರುವ ಚೀಟಿಯನ್ನು ಯಾರು ಗೀರಿದರೂ ಬಹುಮಾನ ಬರುತ್ತದೆ. ಪ್ರಥಮ ಬಹುಮಾನ ಬಂದರೆ ಸಂಶಯ ಬಂದೀತೆಂದು ಎರಡನೆಯದನ್ನೋ ಮೂರನೆಯದನ್ನೋ ಕೊಡುವ ಜಾಣ್ಮೆಯೂ ಉಂಟು.

ಇದರ ಲೆಕ್ಕಾಚಾರವನ್ನು ಊಹೆಗಾಗಿ ನೋಡೋಣ. ಅಚ್ಚು, ಲಕೋಟೆ, ಅಂಚೆ ಎಲ್ಲ ಸೇರಿ ಪತ್ರವೊಂದಕ್ಕೆ 15 ರೂಪಾಯಿಯೆಂದರೂ ಹತ್ತು ಸಾವಿರ ಪತ್ರಗಳಿಗೆ ಒಂದೂವರೆ ಲಕ್ಷ. ನೂರರಲ್ಲಿ ಒಬ್ಬರು ಮಾತ್ರ ನಂಬಿ 6,500 ಕಟ್ಟಿದರೂ ಬರುವುದು ಆರೂವರೆ ಲಕ್ಷ. ಆ ನೂರು ಮಂದಿಯಲ್ಲಿ ಮೂವತ್ತು ಮಂದಿ ಎರಡನೆಯ ಕಂತಿನ 18,000 ಕಟ್ಟಿದರೆ ಮತ್ತೆ 5,40,000. ಒಂಬತ್ತು ಸಾವಿರದ ಒಂಬೈನೂರು ಜನ ಪತ್ರವನ್ನು ಕಸದ ಬುಟ್ಟಿಗೆ ಹಾಕಿದರೂ ಅವನಿಗೆ ನಷ್ಟವಿಲ್ಲ. ಆದುದರಿಂದಲೇ “ಇಷ್ಟು ಖರ್ಚು ಮಾಡಿ ಕಳಿಸಿದ್ದಾರೆ, ಸುಳ್ಳಿರಲಾರದು” ಎಂಬ ವಾದಕ್ಕೆ ಹುರುಳಿಲ್ಲ.

ಎರಡನೆಯದು ಸಭೆಗೆ ಕರೆಯುವ ಪತ್ರ. ಇದು ಸಂಪೂರ್ಣ ಸುಳ್ಳಲ್ಲ, ಆದುದರಿಂದಲೇ ಹೆಚ್ಚು ಸೂಕ್ಷ್ಮವಾದುದು. “ಮೂರು ರಾತ್ರಿ ನಾಲ್ಕು ಹಗಲಿನ ಉಚಿತ ವಾಸ್ತವ್ಯ ನಿಮ್ಮದಾಗಿದೆ, ದಂಪತಿಗಳು ಒಟ್ಟಾಗಿ ಇಂತಹ ಹೋಟೆಲಿಗೆ ಬಂದು ಸ್ವೀಕರಿಸಿರಿ” ಎಂಬ ಒಕ್ಕಣೆ. ಅಲ್ಲಿ ಹೋದರೆ ಚಹಾ, ಬಿಸ್ಕೀಟು, ಸಂಗೀತ. ಒಂದೂವರೆ ಗಂಟೆಯೆಂದು ಕರೆದು ಮೂರು ಗಂಟೆ ಕೂರಿಸುತ್ತಾರೆ. ಪಕ್ಕದ ಮೇಜಿನಲ್ಲಿ ಯಾರೋ ಸದಸ್ಯರಾದರೆಂದು ಚಪ್ಪಾಳೆ ಮೊಳಗುತ್ತದೆ. ಇಪ್ಪತ್ತೈದು ವರ್ಷಗಳ ವಿಹಾರಧಾಮ ಸದಸ್ಯತ್ವವನ್ನು ಆ ದಿನವೇ, ಆ ಕ್ಷಣವೇ ಕೊಳ್ಳಬೇಕೆಂದು ಒತ್ತಾಯ. ನಾಳೆ ಬಂದರೆ ಬೆಲೆ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಬರಬೇಕೆಂಬ ನಿಬಂಧನೆಯ ಮರ್ಮವೂ ಇದೇ: “ಮನೆಗೆ ಹೋಗಿ ವಿಚಾರಿಸುತ್ತೇನೆ” ಎಂದು ಯಾರೂ ತಪ್ಪಿಸಿಕೊಳ್ಳಬಾರದು.

ವರ್ಷದ ಕೆಲವು ದಿನಗಳ ವಾಸ್ತವ್ಯವನ್ನು ಹಲವರಿಗೆ ಹಂಚಿ ಮಾರುವ ಈ ಪದ್ಧತಿಯು 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದುದು. ಅದನ್ನು ಪ್ರಾಮಾಣಿಕವಾಗಿ ನಡೆಸುವ ಸಂಸ್ಥೆಗಳೂ ಇವೆ, ಅವುಗಳಿಂದ ಸಂತುಷ್ಟರಾದ ಕುಟುಂಬಗಳೂ ಇವೆ. ನಮ್ಮ ಆಕ್ಷೇಪವಿರುವುದು ಮಾರಾಟವನ್ನು ಬಹುಮಾನವೆಂದು ಕರೆಯುವುದಕ್ಕೆ. ಇಲ್ಲಿಯೂ ಲೆಕ್ಕ ಹಾಕಬೇಕು. ಉದಾಹರಣೆಗೆ ಸದಸ್ಯತ್ವಕ್ಕೆ ಮೂರು ಲಕ್ಷ, ವಾರ್ಷಿಕ ನಿರ್ವಹಣಾ ಶುಲ್ಕ 15,000 ಎಂದಿಟ್ಟುಕೊಳ್ಳೋಣ. ಶುಲ್ಕ ಏರುವುದೇ ಇಲ್ಲವೆಂದರೂ ಇಪ್ಪತ್ತೈದು ವರ್ಷಕ್ಕೆ ಒಟ್ಟು 6,75,000, ಅಂದರೆ ವರ್ಷಕ್ಕೆ 27,000 ರೂಪಾಯಿ. ಊಟ, ರೈಲು, ವಿಮಾನಗಳ ಖರ್ಚು ಬೇರೆ. ಪ್ರತಿ ವರ್ಷವೂ ತಪ್ಪದೆ ಹೋಗುವವನಿಗೆ ಇದು ಸರಿಹೊಂದಬಹುದು. ಮೂರು ವರ್ಷಕ್ಕೊಮ್ಮೆ ಹೋಗುವವನಿಗೆ ಒಂದೊಂದು ವಾಸ್ತವ್ಯಕ್ಕೂ 81,000 ಬಿದ್ದಂತಾಯಿತು. ರಜೆ ಸಿಕ್ಕಿದಾಗಲೆಲ್ಲ ಊರಿನ ಮದುವೆ, ಮುಂಜಿ, ದೇವರಕಾರ್ಯಗಳಿಗೆ ಓಡುವ ನಮ್ಮಂತಹವರು ಈ ಲೆಕ್ಕವನ್ನು ಮನೆಯಲ್ಲಿ ಕುಳಿತು ಮಾಡಬೇಕೇ ಹೊರತು ಚಪ್ಪಾಳೆಯ ನಡುವೆ ಅಲ್ಲ.

ಇನ್ನು ಆ “ಉಚಿತ” ವಾಸ್ತವ್ಯದ ಚೀಟಿ. ಅದರ ಹಿಂಬದಿಯಲ್ಲಿ ಇರುವೆಯ ಸಾಲಿನಂತಹ ಸಣ್ಣ ಅಕ್ಷರಗಳಿರುತ್ತವೆ. ಮುಂಗಡ ಕಾದಿರಿಸುವ ಶುಲ್ಕ 3,999, ಕಡ್ಡಾಯ ಊಟಕ್ಕೆ ತಲೆಗೆ ದಿನಕ್ಕೆ 1,500ರಂತೆ ಇಬ್ಬರಿಗೆ ನಾಲ್ಕು ದಿನಕ್ಕೆ 12,000, ನೀರು ವಿದ್ಯುತ್ತಿಗೆ ರಾತ್ರಿಗೆ 800ರಂತೆ 2,400, ರಜಾಕಾಲದ ಹೆಚ್ಚುವರಿ ರಾತ್ರಿಗೆ 2,000ರಂತೆ 6,000 ಎಂದಿದ್ದರೆ ಒಟ್ಟು 24,399 ರೂಪಾಯಿ ಆಯಿತು. ಅದೇ ಹೋಟೆಲಿಗೆ ನೇರವಾಗಿ ವಿಚಾರಿಸಿದರೆ ಇದಕ್ಕಿಂತ ಕಡಿಮೆಗೆ ದೊರೆತರೂ ಆಶ್ಚರ್ಯವಿಲ್ಲ.

ಮೂರನೆಯ ಬಗೆಯ ಪತ್ರವು ಹಣವನ್ನು ಕೇಳುವುದೇ ಇಲ್ಲ. “ಟಿಕೆಟ್ ಸಿದ್ಧಪಡಿಸಲು” ಆಧಾರ್, ಪ್ಯಾನ್, ಪಾಸ್‌ಪೋರ್ಟುಗಳ ಪ್ರತಿ, ರದ್ದುಪಡಿಸಿದ ಚೆಕ್ಕು, ಭಾವಚಿತ್ರ, ಸಹಿ ಇಷ್ಟನ್ನು ಕೇಳುತ್ತದೆ. ಅಥವಾ ಪತ್ರದಲ್ಲಿಯೇ ಚೌಕಾಕಾರದ ಸಂಕೇತಚಿತ್ರವೊಂದನ್ನು ಮುದ್ರಿಸಿ, ಅದನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಬಹುಮಾನ ಪಡೆಯಿರಿ ಎನ್ನುತ್ತದೆ. ಹಣ ಕೇಳಲಿಲ್ಲವಾದ್ದರಿಂದ ಮೋಸವಿಲ್ಲವೆಂದು ಜನ ಭಾವಿಸುತ್ತಾರೆ. ಆದರೆ ಆ ದಾಖಲೆಗಳಿಂದ ಬೇರೊಬ್ಬನು ನಮ್ಮ ಹೆಸರಿನಲ್ಲಿ ಸಾಲವನ್ನೋ ಮೊಬೈಲ್ ಸಂಪರ್ಕವನ್ನೋ ಪಡೆಯಲು ಯತ್ನಿಸಬಹುದು. ಇಲ್ಲೊಂದು ಸರಳ ಸೂತ್ರವಿದೆ: ಮೊಬೈಲಿನ ಮೂಲಕ ಹಣ ಪಡೆಯುವುದಕ್ಕೆ ಸಂಕೇತಚಿತ್ರವನ್ನು ಸ್ಕ್ಯಾನ್ ಮಾಡುವುದೂ ಬೇಡ, ಗುಪ್ತಸಂಖ್ಯೆಯನ್ನು ಒತ್ತುವುದೂ ಬೇಡ. ಗುಪ್ತಸಂಖ್ಯೆಯನ್ನು ಕೇಳಿದರೆ ಹಣ ನಮ್ಮಿಂದ ಹೊರಗೆ ಹೋಗುತ್ತಿದೆಯೆಂದೇ ತಿಳಿಯಬೇಕು.

ಉಚಿತದ ಬೆಲೆಯನ್ನು ಯಾರೋ ತೆರಬೇಕು

ಪ್ರಾಮಾಣಿಕವಾಗಿಯೇ ಉಚಿತ ಪ್ರವಾಸವನ್ನು ಕೊಡಲು ಹೊರಟ ಕಂಪೆನಿಗೆ ಏನಾಯಿತೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. 1992ರಲ್ಲಿ ಬ್ರಿಟನ್ನಿನಲ್ಲಿ ಹೂವರ್ ಕಂಪೆನಿಯು, ನೂರು ಪೌಂಡಿಗಿಂತ ಹೆಚ್ಚಿನ ಸರಕು ಕೊಂಡವರಿಗೆ ವಿಮಾನದ ಎರಡು ಟಿಕೆಟುಗಳು ಉಚಿತವೆಂದು ಸಾರಿತು. ಮೊದಲು ಯುರೋಪಿಗೆ, ಬಳಿಕ ಅಮೆರಿಕಕ್ಕೆ. ನಿಬಂಧನೆಗಳ ಜಂಜಾಟದಿಂದ ಬಹುಮಂದಿ ಟಿಕೆಟು ಕೇಳಲಾರರೆಂದು ಕಂಪೆನಿ ಎಣಿಸಿತ್ತು. ಆದರೆ ಕಸಗುಡಿಸುವ ಯಂತ್ರ ಬೇಡದವರೂ ಟಿಕೆಟಿಗಾಗಿ ಯಂತ್ರ ಕೊಂಡರು. ಕಂಪೆನಿಗೆ ಸುಮಾರು ಐದು ಕೋಟಿ ಪೌಂಡುಗಳ ಹೊರೆ ಬಿದ್ದಿತು, ಹಿರಿಯ ಅಧಿಕಾರಿಗಳು ಕೆಲಸ ಕಳೆದುಕೊಂಡರು, ನ್ಯಾಯಾಲಯದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ನೂರು ಪೌಂಡಿನ ವ್ಯಾಪಾರದಿಂದ ಅದಕ್ಕಿಂತ ಹಲವು ಪಾಲು ಬೆಲೆಬಾಳುವ ಟಿಕೆಟು ಕೊಡಲು ಅಷ್ಟು ದೊಡ್ಡ ಕಂಪೆನಿಗೂ ಸಾಧ್ಯವಾಗಲಿಲ್ಲ. ಹೀಗಿರಲು, ನಾವು ಏನನ್ನೂ ಕೊಳ್ಳದಿದ್ದರೂ ನಮ್ಮನ್ನು ಸಿಂಗಪುರಕ್ಕೆ ಕಳಿಸುವ ಉದಾರಿಯ ಹಣ ಎಲ್ಲಿಂದ ಬರಬೇಕು? ಆ ಹಣ ನಮ್ಮ ಜೇಬಿನಲ್ಲಿಯೇ ಇದೆ. ಅವನು ಅದನ್ನು ಇನ್ನೂ ತೆಗೆದಿಲ್ಲ, ಅಷ್ಟೇ.

ಪತ್ರವನ್ನು ಪರೀಕ್ಷಿಸುವ ವಿಧಾನ

ಇಂತಹ ಪತ್ರ ಬಂದಾಗ ಈ ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಳ್ಳಬೇಕು.

1. ನಾನು ಈ ಸ್ಪರ್ಧೆಯಲ್ಲಿ ಭಾಗವಹಿಸಿದ್ದೆನೇ? ಬೀಜ ಬಿತ್ತದೆ ಬೆಳೆ ಬಾರದು. ಅರ್ಜಿ ಹಾಕದ ಪರೀಕ್ಷೆಯಲ್ಲಿ ಉತ್ತೀರ್ಣನಾದೆನೆಂದರೆ ಯಾರೂ ನಂಬುವುದಿಲ್ಲ, ಬಹುಮಾನದಲ್ಲಿಯೂ ಹಾಗೆಯೇ. ಹಿರಿಯ ನಾಗರಿಕರ ತೀರ್ಥಯಾತ್ರೆಗೆ ನೆರವು ನೀಡುವ ಸರಕಾರಿ ಯೋಜನೆಗಳು ಕೆಲವು ರಾಜ್ಯಗಳಲ್ಲಿ ನಡೆದಿರುವುದು ನಿಜ. ಅವುಗಳಿಗೂ ನಾವೇ ಅರ್ಜಿ ಹಾಕಬೇಕು. ಸರಕಾರವು ಚೀಟಿ ಗೀರಿಸಿ ಯಾತ್ರಿಕರನ್ನು ಆರಿಸುವುದಿಲ್ಲ.

2. ಬಹುಮಾನ ಪಡೆಯಲು ಹಣ ಕಟ್ಟಬೇಕೇ? ನೋಂದಣಿ, ತೆರಿಗೆ, ವಿಮೆ, ವೀಸಾ, ಹಿಂದಿರುಗಿಸುವ ಠೇವಣಿ ಎಂದು ಹೆಸರು ಯಾವುದಾದರೂ ಇರಲಿ, ಹಣ ಕಟ್ಟಿ ಪಡೆಯುವುದು ಬಹುಮಾನವಲ್ಲ.

3. ತೆರಿಗೆಯ ಮಾತು ಬಂದಿತೇ? ಇಲ್ಲಿ ವಂಚಕನು ಅರ್ಧ ಸತ್ಯವನ್ನು ಹೇಳುತ್ತಾನೆ. ಬಹುಮಾನದ ಮೇಲೆ ಶೇಕಡಾ 30ರ ಆದಾಯ ತೆರಿಗೆಯಿರುವುದು ನಿಜ. ಬಹುಮಾನವು ನಗದಾಗಿರದೆ ವಸ್ತುವಾಗಿದ್ದರೆ, ಅದನ್ನು ಒಪ್ಪಿಸುವ ಮೊದಲು ತೆರಿಗೆ ಸಂದಾಯವಾಗಿದೆಯೆಂದು ಖಚಿತಪಡಿಸಿಕೊಳ್ಳುವ ಹೊಣೆಯೂ ಕೊಡುವವನದು. ಆದರೆ ಆ ತೆರಿಗೆ ಸೇರಬೇಕಾದುದು ಸರಕಾರದ ಬೊಕ್ಕಸಕ್ಕೆ, ವಿಜೇತನ ಪ್ಯಾನ್ ಸಂಖ್ಯೆಯ ಲೆಕ್ಕಕ್ಕೆ. ಯಾವನೋ ಖಾಸಗಿ ವ್ಯಕ್ತಿಯ ಉಳಿತಾಯ ಖಾತೆಗೆ ಸರಕಾರದ ತೆರಿಗೆಯನ್ನು ಕಟ್ಟಲಾಗದು.

4. ಅವಸರ ಮಾಡುತ್ತಿದ್ದಾರೆಯೇ? “ಇಂದು ಸಂಜೆ ಐದರೊಳಗೆ” ಎಂಬ ಗಡುವಿನ ಉದ್ದೇಶ, ನಾವು ಇನ್ನೊಬ್ಬರನ್ನು ಕೇಳದಂತೆ ಮಾಡುವುದು. “ಯಾರಿಗೂ ಹೇಳಬೇಡಿರಿ” ಎಂಬ ಮಾತೂ ಸೇರಿದ್ದರೆ ಬೇರೆ ಪರೀಕ್ಷೆಯೇ ಬೇಡ.

5. ವಿಳಾಸ ಯಾವುದು? ಕಟ್ಟಡದ ಹೆಸರು, ಬೀದಿಗಳಿಲ್ಲದೆ ಅಂಚೆಪೆಟ್ಟಿಗೆಯ ಸಂಖ್ಯೆ ಮತ್ತು ಮೊಬೈಲ್ ಮಾತ್ರವಿದ್ದರೆ ಎಚ್ಚರ. ಆ ಹೆಸರಾಂತ ಸಂಸ್ಥೆಯ ಸಂಖ್ಯೆಯನ್ನು ಪತ್ರದಿಂದ ತೆಗೆದುಕೊಳ್ಳದೆ, ಆ ಸಂಸ್ಥೆಯಿಂದ ನಾವು ಹಿಂದೆ ಕೊಂಡ ವಸ್ತುವಿನ ರಸೀದಿಯಿಂದಲೋ ಅಧಿಕೃತ ಜಾಲತಾಣದಿಂದಲೋ ತೆಗೆದು ವಿಚಾರಿಸಬೇಕು. ಕಳ್ಳನು ಕೊಟ್ಟ ಸಂಖ್ಯೆಗೆ ಕರೆ ಮಾಡಿದರೆ ಕಳ್ಳನೇ ಸಾಕ್ಷಿ ಹೇಳುತ್ತಾನೆ.

6. ಪತ್ರದಲ್ಲಿರುವ ಮೊಹರುಗಳು ಯಾರವು? ರಿಸರ್ವ್ ಬ್ಯಾಂಕಿನ ಮುದ್ರೆ, ಅಶೋಕಸ್ತಂಭ, ಅಧಿಕಾರಿಯ ಸಹಿ ಇವೆಲ್ಲವನ್ನೂ ಯಾವ ಮುದ್ರಣಾಲಯದಲ್ಲಾದರೂ ಅಚ್ಚು ಮಾಡಿಸಬಹುದು. ರಿಸರ್ವ್ ಬ್ಯಾಂಕು ಸಾರ್ವಜನಿಕ ವ್ಯಕ್ತಿಗಳ ಖಾತೆಗಳನ್ನು ಇಟ್ಟುಕೊಳ್ಳುವುದಿಲ್ಲ, ಬಹುಮಾನದ ಹಣವನ್ನೂ ಹಂಚುವುದಿಲ್ಲ. ಪತ್ರದಲ್ಲಿ ಸರಕಾರಿ ಮುದ್ರೆಗಳು ಹೆಚ್ಚಿದಷ್ಟೂ ಸಂಶಯ ಹೆಚ್ಚಬೇಕು.

7. ದಿನಾಂಕ, ವಿಮಾನ, ಹೋಟೆಲುಗಳ ಹೆಸರು ಬರವಣಿಗೆಯಲ್ಲಿದೆಯೇ? “ಲಭ್ಯತೆಗೆ ಒಳಪಟ್ಟು” ಎಂಬ ಒಂದೇ ಮಾತು ಇಡೀ ಪ್ರವಾಸವನ್ನು ನುಂಗಬಲ್ಲದು.

ಈ ಏಳರಲ್ಲಿ ಒಂದು ಪ್ರಶ್ನೆಗೆ ಅಸಮರ್ಪಕ ಉತ್ತರ ಬಂದರೂ ಪತ್ರವನ್ನು ಮಡಿಚಿಡುವುದು ಲೇಸು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಾನೂನು ಏನು ಹೇಳುತ್ತದೆ?

420ನೆಯ ವಿಧಿಯು ಈಗ ಇತಿಹಾಸಕ್ಕೆ ಸೇರಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯು 318ನೆಯ ವಿಧಿಯಲ್ಲಿದೆ. ಮೋಸದಿಂದ ಸ್ವತ್ತನ್ನು ಪಡೆದವನಿಗೆ ಏಳು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೊಡುವ ಉದ್ದೇಶವಿಲ್ಲದೆ ಬಹುಮಾನವನ್ನು ಘೋಷಿಸುವುದು, ಬೆಲೆಯೊಳಗೇ ಸೇರಿಸಿದುದನ್ನು ಉಚಿತವೆಂದು ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. “ಐದು ಮಂದಿ ಸ್ನೇಹಿತರನ್ನು ಸದಸ್ಯರನ್ನಾಗಿ ಮಾಡಿರಿ, ನಿಮ್ಮ ಪ್ರವಾಸ ಉಚಿತ” ಎಂದು ಹಣ ತಿರುಗಿಸುವ ಯೋಜನೆಗಳನ್ನು ತಡೆಯಲೆಂದು 1978ರಷ್ಟು ಹಿಂದೆಯೇ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆ ಬಂದಿದೆ. ವಿದೇಶೀ ಲಾಟರಿಗೆಂದು ಭಾರತದಿಂದ ಹಣ ಕಳಿಸುವುದಕ್ಕೆ ವಿದೇಶೀ ವಿನಿಮಯ ನಿಯಮಗಳಲ್ಲಿ ನಿಷೇಧವಿದೆ. ಆದುದರಿಂದ ಅಂತಹ ಪತ್ರವನ್ನು ನಂಬಿ ಹಣ ಕಳಿಸಿದವನು ಮೋಸಹೋಗುವುದಲ್ಲದೆ ನಿಯಮವನ್ನೂ ಮೀರಿದಂತಾಗುತ್ತದೆ.

ವಲಸೆ ಬಂದ ನಮಗೆ ವಿಶೇಷವಾಗಿ ಉಪಯುಕ್ತವಾದ ಅಂಶವೊಂದುಂಟು. 2019ರ ಕಾಯಿದೆಯಂತೆ, ಕಂಪೆನಿಯು ಎಲ್ಲಿಯೇ ಇರಲಿ, ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಗಳೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಒದಗಿದಂದಿನಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ವಕೀಲರೇ ಬೇಕೆಂಬ ನಿಯಮವಿಲ್ಲ. ಎರಡನೆಯ ಬಗೆಯ ಪತ್ರಗಳ ವಿಷಯದಲ್ಲಿ, ಅಂದರೆ ವಿಳಾಸವುಳ್ಳ ಕಂಪೆನಿ ಎದುರಿಗಿರುವಾಗ, ಇದು ಒಳ್ಳೆಯ ಮಾರ್ಗ.

ಈಗಾಗಲೇ ಹಣ ಹೋಗಿದ್ದರೆ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಪೂರ್ತಿ ಅನ್ವಯಿಸದು. ಬೇಗನೆ ಹಾಕಿದ ಬಾಗಿಲಿನಿಂದ ಕೊಳ್ಳೆಯ ಒಂದಂಶವಾದರೂ ಉಳಿಯುವ ಸಂಭವವಿದೆ. ಮೊದಲು ಮಾಡಬೇಕಾದುದು 1930 ಸಂಖ್ಯೆಗೆ ಕರೆ. ಹಣದ ಸೈಬರ್ ವಂಚನೆಗೆಂದೇ ಏರ್ಪಟ್ಟ ರಾಷ್ಟ್ರೀಯ ಸಹಾಯವಾಣಿ ಇದು. ಹಣವು ವಂಚಕನ ಖಾತೆಯಿಂದ ಮುಂದಕ್ಕೆ ಸರಿಯುವ ಮೊದಲೇ ದೂರು ತಲಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಗಂಟೆಗಳು ಕಳೆದಂತೆ ಈ ಸಾಧ್ಯತೆ ಕ್ಷೀಣಿಸುತ್ತದೆ. ಅದರೊಡನೆಯೇ ನಮ್ಮ ಬ್ಯಾಂಕಿಗೂ ತಿಳಿಸಬೇಕು. ಬಳಿಕ ಪೊಲೀಸ್ ಠಾಣೆಯಲ್ಲಿಯೋ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲಿಯೋ ಲಿಖಿತ ದೂರು ಕೊಡಬೇಕು. ಗ್ರಾಹಕ ವ್ಯಾಜ್ಯಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪತ್ರವನ್ನು ಸಿಟ್ಟಿನಿಂದ ಹರಿದು ಹಾಕಬಾರದು. ಲಕೋಟೆಯನ್ನಂತೂ ಕಾಪಾಡಲೇಬೇಕು, ಅಂಚೆಯ ಮೊಹರಿನಿಂದ ಅದು ಯಾವ ಊರಿನಿಂದ, ಯಾವ ದಿನ ಹೊರಟಿತೆಂಬುದು ತಿಳಿಯುತ್ತದೆ. ಹಣ ಕಟ್ಟಿದ ಖಾತೆಯ ಸಂಖ್ಯೆ, ವ್ಯವಹಾರದ ಸಂಖ್ಯೆ, ಕರೆ ಬಂದ ದೂರವಾಣಿ ಸಂಖ್ಯೆಗಳು, ವೇಳೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಕೆಲವು ತಿಂಗಳ ಬಳಿಕ, “ನಿಮ್ಮ ಹಣವನ್ನು ವಾಪಸು ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿರಿ” ಎಂದು ವಕೀಲನೆಂದೋ ಅಧಿಕಾರಿಯೆಂದೋ ಹೇಳಿಕೊಂಡು ಯಾರಾದರೂ ಬರಬಹುದು. ಒಮ್ಮೆ ಮೋಸಹೋದವರ ಹೆಸರುಗಳ ಪಟ್ಟಿ ವಂಚಕರ ನಡುವೆ ಕೈಬದಲಾಗುತ್ತದೆ. ನಮ್ಮ ಆ ಹಿರಿಯ ಸದಸ್ಯರಿಗೂ ಇಂತಹ ಕರೆ ಬಂದಿತ್ತು. ಆ ವೇಳೆಗೆ ಮನೆಯವರಿಗೆಲ್ಲ ವಿಷಯ ತಿಳಿದಿದ್ದುದರಿಂದ ಫೋನನ್ನು ಅವರ ಪತ್ನಿಯೇ ತೆಗೆದುಕೊಂಡು ತಕ್ಕ ಉತ್ತರ ಕೊಟ್ಟರಂತೆ.

ಮನೆಯವರ ಕರ್ತವ್ಯ

ಮೋಸಹೋದವರಿಗೆ ಎಲ್ಲಕ್ಕಿಂತ ಕ್ರೂರವಾದ ಪ್ರಶ್ನೆ ಯಾವುದೆಂದರೆ, “ನಿಮಗೆ ಅಷ್ಟೂ ತಿಳಿಯಲಿಲ್ಲವೇ?” ಎಂಬುದು. ಈ ಪ್ರಶ್ನೆಗೆ ಹೆದರಿಯೇ ಹಿರಿಯರು ಬಾಯಿ ಬಿಡುವುದಿಲ್ಲ. ಅವರು ಬಾಯಿ ಬಿಡದಿರುವ ತನಕ ಎರಡನೆಯ, ಮೂರನೆಯ ಕಂತುಗಳು ಹೋಗುತ್ತಲೇ ಇರುತ್ತವೆ. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇದ್ದು, ಇಬ್ಬರೇ ವೃದ್ಧರು ಮಹಾನಗರದ ಫ್ಲಾಟಿನಲ್ಲಿರುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಅಲ್ಲಿ ದಿನವಿಡೀ ಮಾತನಾಡಿಸುವವರಿಲ್ಲ. ವಂಚಕನಾದರೋ ದಿನಕ್ಕೆರಡು ಬಾರಿ ಕರೆ ಮಾಡಿ ಆರೋಗ್ಯ ವಿಚಾರಿಸುತ್ತಾನೆ. ಅವನ ವ್ಯಾಪಾರದ ನಿಜವಾದ ಬಂಡವಾಳ ನಾವು ಬಿಟ್ಟುಕೊಟ್ಟ ಆ ಖಾಲಿ ಜಾಗ.

ಹಿರಿಯರಲ್ಲಿ ಕಾರಣವಿಲ್ಲದ ನಿದ್ರಾಹೀನತೆ, ದೂರವಾಣಿ ಬಂದೊಡನೆ ಪಕ್ಕಕ್ಕೆ ಹೋಗಿ ಮಾತನಾಡುವುದು, ಬ್ಯಾಂಕಿನ ಪುಸ್ತಕವನ್ನು ಮರೆಮಾಚುವುದು ಕಂಡುಬಂದರೆ ಗದರಿಸದೆ ವಿಚಾರಿಸಬೇಕು. ಮನೆಯಲ್ಲೊಂದು ನಿಯಮ ಮಾಡಿಕೊಳ್ಳಬಹುದು: ಹೊಸಬರಿಗೆ ಐದು ಸಾವಿರಕ್ಕಿಂತ ಹೆಚ್ಚು ಕಟ್ಟುವ ಮೊದಲು ಇಬ್ಬರಿಗೆ ತಿಳಿಸತಕ್ಕದ್ದು, ಮತ್ತು ಒಂದು ರಾತ್ರಿ ಕಳೆಯತಕ್ಕದ್ದು. ಈ ನಿಯಮ ಹಿರಿಯರಿಗೆ ಮಾತ್ರವಲ್ಲದೆ ಮನೆಯ ಎಲ್ಲರಿಗೂ ಅನ್ವಯಿಸಿದರೆ ಯಾರಿಗೂ ಅವಮಾನವೆನಿಸದು.

ಸಂಘವೂ ಇಲ್ಲಿ ಕೈಲಾದುದನ್ನು ಮಾಡಬಹುದು. ಮಾಸಿಕ ಸಭೆಗೆ ಬರುವಾಗ ಇಂತಹ ಪತ್ರಗಳನ್ನು ತಂದು ಎಲ್ಲರೆದುರು ಓದುವ ಪದ್ಧತಿಯನ್ನು ಆರಂಭಿಸಬಾರದೇಕೆ? ಬ್ಯಾಂಕಿನಲ್ಲಿ, ನ್ಯಾಯಾಲಯದಲ್ಲಿ, ಅಂಚೆ ಇಲಾಖೆಯಲ್ಲಿ ದುಡಿದ ಅನುಭವಿಗಳು ನಮ್ಮ ನಡುವೆ ಇದ್ದಾರೆ. ಒಬ್ಬರು ಗುಟ್ಟಾಗಿ ಓದಿದಾಗ ಭಾಗ್ಯದಂತೆ ಕಾಣುವ ಪತ್ರವು ಹತ್ತು ಜನರೆದುರು ಗಟ್ಟಿಯಾಗಿ ಓದಿದಾಗ ನಗೆಪಾಟಲಾಗುತ್ತದೆ.

ಕೊನೆಯದಾಗಿ ಒಂದು ಮಾತು. ಪ್ರವಾಸದ ಆಸೆ ತಪ್ಪಲ್ಲ. ನಮ್ಮ ಆ ಹಿರಿಯ ಸದಸ್ಯರು ಕಳೆದುಕೊಂಡ ಹಣದಲ್ಲಿ ಒಂದು ರೂಪಾಯಿಯೂ ಹಿಂದಿರುಗಲಿಲ್ಲ. ಆದರೆ ವಿಷಯ ಹೊರಬಿದ್ದ ಮರುವರ್ಷ ಗಂಡ ಹೆಂಡತಿ ತಮ್ಮದೇ ಉಳಿತಾಯದ ಹಣದಿಂದ ರೈಲಿನಲ್ಲಿ ಹೊಸಪೇಟೆಗೆ ಹೋಗಿ, ಹಂಪಿಯಲ್ಲಿ ಮೂರು ದಿನವಿದ್ದು ಬಂದರು. ಮರಳಿ ಬಂದ ಮೇಲೆ ಆ ಯಾತ್ರೆಯ ಖರ್ಚಿನ ಪಟ್ಟಿಯನ್ನು ಪೈಸೆ ಸಹಿತ ಬರೆದು ನನಗೆ ತೋರಿಸಿದರು. ಲೆಕ್ಕ ಸರಿಯಾಗಿತ್ತು. ರಕ್ತದೊತ್ತಡವೂ ಹತೋಟಿಗೆ ಬಂದಿದೆಯೆಂದು ಹೇಳಿ ನಕ್ಕರು.